ಐಸ್‌ಲ್ಯಾಂಡ್ ಬೇಸಿಗೆಗೆ ಟೀ ಶರ್ಟ್ ಸಾಕೇ? ಸತ್ಯಾಂಶ

"ಜೂನ್‌ನಲ್ಲಿ ಐಸ್‌ಲ್ಯಾಂಡ್‌ನಲ್ಲಿ ರಾತ್ರಿಯೂ ಬೆಳಕು, ಹಾಗಾಗಿ ಚಳಿ ಇಲ್ಲ, ಟೀ ಶರ್ಟ್ ಸಾಕು" ಎಂಬ ವಾಟ್ಸಾಪ್ ಮೆಸೇಜ್ ನಂಬಬೇಡಿ. ಬೆಳಕಿನ ಮಾತು ನಿಜ, ಚಳಿಯದ್ದು ತಪ್ಪು. ಸೂರ್ಯ ಅಷ್ಟು ಹೊತ್ತು ಇದ್ದರೂ ಹೆಚ್ಚು ಮೇಲೇರುವುದಿಲ್ಲ, ಓರೆ ಬಿಸಿಲಿಗೆ ಕಾವು ಕಡಿಮೆ, ಸುತ್ತಲೂ ತಣ್ಣನೆಯ ಸಮುದ್ರ ಬೇರೆ. ರಾಜಧಾನಿ ರೇಕ್ಯಾವಿಕ್‌ನಲ್ಲಿ ಜುಲೈ ಮಧ್ಯಾಹ್ನವೂ ಸಾಮಾನ್ಯವಾಗಿ 14 ಡಿಗ್ರಿ ಆಸುಪಾಸು. ಬೆಂಗಳೂರಿನ ಡಿಸೆಂಬರ್ ಬೆಳಗಿನ ಜಾವಕ್ಕಿಂತ ತಂಪು. ಗಾಳಿ ಬೀಸಿದರೆ ಇನ್ನೂ ಜಾಸ್ತಿ.

ಹಾಗಂತ ಒಂದೇ ದಪ್ಪ ಕೋಟು ಒಯ್ಯಬೇಡಿ. ಒಳಗೆ ತೆಳು ಉಣ್ಣೆಯ ಬಟ್ಟೆ, ಮೇಲೆ ಸ್ವೆಟರ್, ಅದರ ಮೇಲೆ ಗಾಳಿ ಮಳೆ ತಡೆಯುವ ಜಾಕೆಟ್ ಇದ್ದರೆ ಹವೆ ಬದಲಾದ ಹಾಗೆ ಒಂದೊಂದೇ ತೆಗೆಯಬಹುದು, ಹಾಕಬಹುದು ಅಲ್ವಾ? ಜೀನ್ಸ್ ನೆಂದರೆ ಬೇಗ ಒಣಗುವುದಿಲ್ಲ. ಕೊಡೆ ಸುಮ್ನೆ ಹೊರೆ, ಆ ಗಾಳಿಗೆ ಮಗುಚಿಕೊಳ್ಳುತ್ತದೆ. ಈಜುಡುಗೆ ಮಾತ್ರ ಖಂಡಿತ ಇಟ್ಟುಕೊಳ್ಳಿ, ಸಣ್ಣ ಊರುಗಳಲ್ಲೂ ಬಿಸಿನೀರಿನ ಕೊಳಗಳಿವೆ.