‘ಯಾವ ಕ್ಲಾಸು?’ ಅಂತ ಕೇಳಿದರೆ ಕಾದಂಬರಿ ಸಿಗುವುದಿಲ್ಲ

ಶಿವಮೊಗ್ಗದಲ್ಲಿ ಒಂದು ಪುಸ್ತಕದಂಗಡಿಗೆ ಹೋಗಿ, ಹದಿಮೂರು ವರ್ಷದ ಹುಡುಗಿ ಓದುವಂಥ ಹೊಸ ಕನ್ನಡ ಕಾದಂಬರಿ ಏನಿದೆ ಅಂತ ಕೇಳಿ ನೋಡಿ. ಮೊದಲ ಪ್ರಶ್ನೆ, ‘ಯಾವ ಕ್ಲಾಸು?’ ಎಂಟನೇ ಕ್ಲಾಸು ಅಂದ ತಕ್ಷಣ ಪಂಚತಂತ್ರ, ತೆನಾಲಿ ರಾಮ, ಮಹಾಪುರುಷರ ಜೀವನ, ವ್ಯಕ್ತಿತ್ವ ವಿಕಸನ, ಎಲ್ಲ ಮೇಜಿನ ಮೇಲೆ ಬಂದು ಬೀಳುತ್ತವೆ. ಜೊತೆಗೆ ಎರಡು ಭಾಷೆಯಲ್ಲಿರೋ ನೀತಿಕಥೆ ಪುಸ್ತಕ, ‘ಇದು ತಗೊಳ್ಳಿ, ಇಂಗ್ಲಿಷೂ ಇಂಪ್ರೂವ್ ಆಗುತ್ತೆ’ ಅನ್ನುವ ಸಲಹೆ. ಕೇಳಿದ್ದು ಕನ್ನಡ ಕಾದಂಬರಿ!

ರಜೆಗೆ ಸಾಗರಕ್ಕೆ ಬಂದಾಗಲೆಲ್ಲ ಅಣ್ಣನ ಮಗಳನ್ನು ಕರೆದುಕೊಂಡು ಈ ಸುತ್ತು ಹಾಕುತ್ತೇನೆ. ಅಂಗಡಿಯವರ ಮೇಲೆ ನನಗೆ ಸಿಟ್ಟಿಲ್ಲ. ಜೂನ್‌ನಲ್ಲಿ ಮಳೆ ಹಿಡಿಯುವ ಹೊತ್ತಿಗೆ ನೋಟ್‌ಬುಕ್ಕು, ಗೈಡು, ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆ ಮಾರಿದರೇನೇ ಅವರ ಬಾಡಿಗೆ ಹುಟ್ಟೋದು, ಕಥೆ ಪುಸ್ತಕದಿಂದ ಅಲ್ಲ. ಆದರೆ ಕಥೆ ಪುಸ್ತಕ ಹೋಗುವುದಿಲ್ಲ ಅಂತ ತರಿಸುವುದಿಲ್ಲ, ತರಿಸುವುದಿಲ್ಲ ಅಂತ ಹೋಗುವುದೂ ಇಲ್ಲ. ಇದನ್ನು ಯಾರಾದರೂ ಒಂದು ಕಡೆ ತುಂಡು ಮಾಡಬೇಕಲ್ವಾ?

ನಾನಿರುವುದು ಜರ್ಮನಿಯ ಹ್ಯಾನೋವರ್‌ನಲ್ಲಿ. ನಮ್ಮ ಬೀದಿಯ ಪುಸ್ತಕದಂಗಡಿ ದೊಡ್ಡದೇನಲ್ಲ. ಮಕ್ಕಳ ಕಪಾಟಿನಲ್ಲಿ ಅಲ್ಲಲ್ಲಿ ಪುಸ್ತಕದ ಕೆಳಗೆ ಒಂದು ಚೀಟಿ ಅಂಟಿಸಿರುತ್ತಾರೆ. ಅಂಗಡಿಯಲ್ಲಿ ಕೆಲಸ ಮಾಡುವವರೇ ಓದಿ, ಕೈಯಲ್ಲಿ ಬರೆದದ್ದು. ‘ಶುರು ಸ್ವಲ್ಪ ನಿಧಾನ, ತಡೆದುಕೊಳ್ಳಿ, ಆಮೇಲೆ ಊಟಕ್ಕೂ ಏಳಲ್ಲ’. ‘ನಾಯಿ ಸಾಯುತ್ತದೆ, ಮೊದಲೇ ಹೇಳಿದ್ದೇನೆ’. ಈ ಥರ. ಯಾರಾದರೂ ಮಗುವನ್ನು ಕರೆದುಕೊಂಡು ಹೋದರೆ ಅವರು ಅಪ್ಪ ಅಮ್ಮನ ಮುಖ ನೋಡುವುದಿಲ್ಲ, ಮಗುವನ್ನೇ ಕೇಳುತ್ತಾರೆ: ಕೊನೆಗೆ ಓದಿದ್ದರಲ್ಲಿ ಯಾವುದು ಇಷ್ಟವಾಯಿತು, ಯಾವುದು ಬೇಜಾರು ಬಂತು. ಮಗು ಕೈಗೆತ್ತಿಕೊಂಡ ಪುಸ್ತಕವನ್ನು ‘ಇದು ನಿನಗೆ ಬೇಡ, ಎರಡು ವರ್ಷ ಬಿಟ್ಟು ಓದು’ ಅಂತ ವಾಪಸ್ ಇಡಿಸಿದ್ದನ್ನೂ ನೋಡಿದ್ದೇನೆ. ವ್ಯಾಪಾರ ಬಿಟ್ಟರೂ ಪರವಾಗಿಲ್ಲ ಅನ್ನುವ ಆ ಧೈರ್ಯ ನನಗೆ ತುಂಬ ಇಷ್ಟವಾಯಿತು.

ಇದನ್ನೆಲ್ಲ ಅವರ ಒಳ್ಳೆಯತನ ಅಂತ ಸುಮ್ನೆ ಹೊಗಳಬಹುದು, ಆದರೆ ಹಿಂದೆ ವ್ಯವಸ್ಥೆ ಇದೆ. ಅಲ್ಲಿ ಪುಸ್ತಕ ಮಾರುವುದು ಕಲಿತು ಮಾಡುವ ಕಸುಬು. ಸಾಮಾನ್ಯವಾಗಿ 3 ವರ್ಷದ ತರಬೇತಿ, ಅಂಗಡಿಯಲ್ಲಿ ಕೆಲಸ, ಜೊತೆಗೆ ಶಾಲೆ. ಇನ್ನೊಂದು, ಹೊಸ ಪುಸ್ತಕದ ಬೆಲೆಯನ್ನು ಪ್ರಕಾಶಕರೇ ನಿಗದಿ ಮಾಡಬೇಕು ಅಂತ ಕಾನೂನಿದೆ. ಈಗಿರುವ ಕಾನೂನು 2002ರದ್ದು. ಹಳ್ಳಿಯ ಅಂಗಡಿಯಲ್ಲೂ ಅದೇ ಬೆಲೆ, ಆನ್‌ಲೈನಿನಲ್ಲೂ ಅದೇ ಬೆಲೆ. ಡಿಸ್ಕೌಂಟ್ ಕೊಟ್ಟು ಗಿರಾಕಿ ಎಳೆಯುವ ಹಾಗಿಲ್ಲ. ಹಾಗಾದರೆ ಅಂಗಡಿಗೆ ಜನ ಯಾಕೆ ಬರಬೇಕು? ಪುಸ್ತಕ ಓದಿದವರು ಒಬ್ಬರು ಅಲ್ಲಿ ನಿಂತಿದ್ದಾರೆ ಅಂತ ಬರಬೇಕು.

ದೊಡ್ಡ ಬಹುಮಾನಗಳಲ್ಲೂ ಮಕ್ಕಳ ಮಾತಿಗೆ ಬೆಲೆ ಇದೆ. ಅಲ್ಲಿನ ಸರ್ಕಾರ 1956ರಿಂದ ಮಕ್ಕಳ ಮತ್ತು ಹದಿಹರೆಯದವರ ಸಾಹಿತ್ಯಕ್ಕೆ ಬಹುಮಾನ ಕೊಡುತ್ತಿದೆ. 2003ರಿಂದ ಅದರಲ್ಲಿ ಓದುವ ಹುಡುಗ ಹುಡುಗಿಯರದ್ದೇ ಬೇರೆ ತೀರ್ಪುಗಾರರ ತಂಡವೂ ಇದೆ. ದೊಡ್ಡವರು ಆರಿಸಿದ್ದನ್ನು ಮಕ್ಕಳು ಆರಿಸಬೇಕು ಅಂತೇನಿಲ್ಲ. ಆರನೇ ಕ್ಲಾಸಿನವರಿಗೆ ಗಟ್ಟಿಯಾಗಿ ಓದುವ ಸ್ಪರ್ಧೆ 1959ರಿಂದ ನಡೆಯುತ್ತಿದೆ. ತಮಗೆ ಇಷ್ಟವಾದ ಪುಸ್ತಕ ತಾವೇ ಆರಿಸಿಕೊಂಡು ಅದರ ಒಂದು ತುಣುಕು ಓದಬೇಕು. ನಮ್ಮ ಭಾಷಣ ಸ್ಪರ್ಧೆಗಳಲ್ಲಿ ಮೇಷ್ಟ್ರು ಬರೆದುಕೊಟ್ಟದ್ದನ್ನು ಉರು ಹೊಡೆದು ಒಪ್ಪಿಸಿದವರಿಗೆ ಇದರ ವ್ಯತ್ಯಾಸ ಗೊತ್ತಾಗುತ್ತದೆ.

ಹಾಗಂತ ಅಲ್ಲಿ ಎಲ್ಲವೂ ಸರಿಯಾಗಿದೆ ಅಂತಲ್ಲ. ಮಕ್ಕಳ ಕಾದಂಬರಿಗೆ 12ರಿಂದ 15 ಯೂರೋ ಆಗುತ್ತದೆ. ಆ ದುಡ್ಡಿಗೆ ನಮ್ಮಲ್ಲಿ ಒಂದು ಚೀಲ ತುಂಬ ಪುಸ್ತಕ ಬರುತ್ತದೆ. ಹದಿಹರೆಯದವರ ಕಪಾಟಿನಲ್ಲಿ ಇಂಗ್ಲಿಷಿನಿಂದ ಬಂದ ಅನುವಾದಗಳು ಜಾಸ್ತಿ. ಎಲ್ಲದಕ್ಕೂ ‘10ರ ಮೇಲೆ’, ‘12ರ ಮೇಲೆ’ ಅಂತ ಗೆರೆ ಬೇರೆ. ಹತ್ತು ವರ್ಷದವನು ಅಪ್ಪನ ಪುಸ್ತಕ ಕದ್ದು ಓದುವ ಸುಖ ಅಲ್ಲಿ ಕಡಿಮೆ. (ಅನುವಾದದ ಬಗ್ಗೆ ಮಲೆನಾಡಿನವರು ಕೊಂಕು ತೆಗೆಯೋ ಹಾಗಿಲ್ಲ, ಅದೂ ನಿಜ. ಹ್ಯಾನೋವರ್‌ನಿಂದ ರೈಲಿನಲ್ಲಿ ಮುಕ್ಕಾಲು ಗಂಟೆ ದೂರದ ಹ್ಯಾಮೆಲಿನ್‌ನ ಇಲಿ ಕಥೆಯನ್ನು, ಇಂಗ್ಲಿಷ್ ಪದ್ಯದ ದಾರಿಯಲ್ಲಿ ತುಂಗೆಯ ದಡಕ್ಕೆ ತಂದು ಕಿಂದರಿಜೋಗಿ ಮಾಡಿದ್ದು ನಮ್ಮ ಕುವೆಂಪು ಅವರೇ.)

ನಮ್ಮ ಕಡೆ ಹನ್ನೆರಡರಿಂದ ಹದಿನಾರರ ವಯಸ್ಸಿಗೆ ಅಂತ ಕಪಾಟೇ ಇಲ್ಲ. ನನ್ನ ವಯಸ್ಸಿನವರು ಚಂದಮಾಮದಿಂದ ನೇರ ತೇಜಸ್ವಿಗೆ ಜಿಗಿದವರು. ‘ಕರ್ವಾಲೊ’ ಬಂದದ್ದು 1980ರಲ್ಲಿ. ಅದು ಮಕ್ಕಳಿಗೆ ಅಂತ ಬರೆದದ್ದಲ್ಲ, ಆದರೆ ಕಾಡು, ಜೇನು, ಹಾರುವ ಓತಿ ಇದ್ದವು, ನಮಗೆ ಅಷ್ಟು ಸಾಕಾಯಿತು. ಜಿಗಿತ ದಾಟಿದವರು ಓದುಗರಾದರು, ದಾಟದವರು ಪುಸ್ತಕ ಬಿಟ್ಟೇಬಿಟ್ಟರು. ಎರಡನೆಯವರೇ ಜಾಸ್ತಿ. ಇವತ್ತಿಗೂ ಅಣ್ಣನ ಮಗಳಿಗೆ ನಾವು ಕೊಡುವುದು ಅದೇ ತೇಜಸ್ವಿ. ಕೊಡಬೇಕು, ಸಂಶಯವಿಲ್ಲ. ಆದರೆ ನಲವತ್ತು ವರ್ಷ ದಾಟಿದ ಪುಸ್ತಕವೇ ಇನ್ನೂ ನಮ್ಮ ‘ಮಕ್ಕಳಿಗೆ ಏನು ಹೊಸದು’ ಅನ್ನುವ ಪ್ರಶ್ನೆಗೆ ಉತ್ತರವಾದರೆ ಹೇಗೆ?

ಹೊಸದು ಇಲ್ಲ ಅಂತಲ್ಲ. ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ. ಕನ್ನಡಕ್ಕೆ 2021ರಲ್ಲಿ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, 2022ರಲ್ಲಿ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, ಎರಡೂ ಕಾದಂಬರಿಗಳೇ. 2024ರಲ್ಲಿ ಕೃಷ್ಣಮೂರ್ತಿ ಬಿಳಿಗೆರೆ ಅವರ ‘ಛೂಮಂತ್ರಯ್ಯನ ಕಥೆಗಳು’. ಬೀಗಾರರು ಸಿದ್ದಾಪುರದ ಕಡೆಯವರು, ಸಾಗರದ ಪಕ್ಕದ ತಾಲ್ಲೂಕು. ಆದರೂ ನಾನು ಕೇಳಿದ ಒಂದು ಅಂಗಡಿಯಲ್ಲಿ ‘ಬಾವಲಿ’ ಅನ್ನುವಾಗಲೇ ‘ಪ್ರಾಣಿಗಳ ಮಾಹಿತಿ ಪುಸ್ತಕ ಆ ಕಡೆ ಇದೆ’ ಅಂತ ಕೈ ತೋರಿಸಿದರು. ನಗು ಬಂತು, ಅಷ್ಟೇ ಬೇಜಾರೂ ಆಯಿತು.

ನಮ್ಮಲ್ಲಿ ಬೆಲೆ ಕಾನೂನು ಬರುವುದನ್ನು, 3 ವರ್ಷದ ತರಬೇತಿ ಬರುವುದನ್ನು ಕಾಯುತ್ತಾ ಕೂರುವುದು ಬೇಡ. ಚೀಟಿಗೆ ಕಾನೂನು ಬೇಕಿಲ್ಲ. ನಮ್ಮ ಕಡೆ ಓದಿದವರಿಗೇನೂ ಬರವಿಲ್ಲ. ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ ನೀನಾಸಮ್ ಅನ್ನುವ ರಂಗಸಂಸ್ಥೆ 1949ರಿಂದ ಇದೆ, ಅಕ್ಷರ ಪ್ರಕಾಶನ ಅಲ್ಲೇ ಇದೆ, ಪುಸ್ತಕದ ಬಗ್ಗೆ ಜಗಲಿಯಲ್ಲಿ ಕೂತು ಗಂಟೆಗಟ್ಟಲೆ ಜಗಳವಾಡುವ ಜನ ಸುತ್ತೂರಲ್ಲೆಲ್ಲ ಸಿಗುತ್ತಾರೆ. 2020ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳನ್ನು ಓದಿಗೆ ಹಚ್ಚುವ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಗಿ ಹಳ್ಳಿ ಮಕ್ಕಳು ಕಾರ್ಡು ಮಾಡಿಸಿಕೊಂಡರು. ಆ ಮಕ್ಕಳಲ್ಲೇ ತುಂಬ ಓದುವ ಒಂದಿಬ್ಬರನ್ನು ಹಿಡಿದು, ತಿಂಗಳಿಗೆ ಎರಡು ಹೊಸ ಪುಸ್ತಕ ಪುಕ್ಕಟೆ ಕೊಟ್ಟು, ನಿಮಗನ್ನಿಸಿದ್ದು ಮೂರು ಸಾಲು ಬರೆದುಕೊಡಿ ಅಂದರೆ ಅಂಗಡಿಯವರಿಗೆ ಖರ್ಚೆಷ್ಟು? ಗೈಡು ಇಡುವ ಮೇಜಿನ ಮೇಲೇ ಒಂದು ಮೂಲೆ ಬಿಟ್ಟುಕೊಟ್ಟು ಆ ಪುಸ್ತಕಗಳನ್ನು ಮುಖ ಕಾಣುವ ಹಾಗೆ ನಿಲ್ಲಿಸಲಿ. ಬೆನ್ನು ಕಾಣುವ ಹಾಗೆ ಒತ್ತಿಟ್ಟರೆ ದೊಡ್ಡವರೂ ತೆಗೆಯುವುದಿಲ್ಲ.

ಓದಿದ ಮಗು ಬೇಜಾರು ಬಂತು ಅಂತ ಬರೆದರೆ ಅದನ್ನೂ ಹಾಗೇ ಅಂಟಿಸಲಿ, ಆಗ ಚೆನ್ನಾಗಿದೆ ಅಂತ ಬರೆದದ್ದನ್ನು ಬೇರೆ ಮಕ್ಕಳು ನಂಬುತ್ತಾರೆ. ‘ಪ್ರತಿಯೊಂದು ಮಗುವೂ ಓದಲೇಬೇಕಾದ ಕೃತಿ’ ಅಂತ ಮಾತ್ರ ಯಾವ ಚೀಟಿಯಲ್ಲೂ ಬೇಡ. ಆ ಸಾಲು ನೋಡಿದರೆ ನನ್ನ ಅಣ್ಣನ ಮಗಳು ನೇರ ಐಸ್‌ಕ್ರೀಮ್ ಅಂಗಡಿ ಕಡೆ ನಡೆಯುತ್ತಾಳೆ.