ಎದೆಯ ಸದ್ದಿಗೆ ಬೆಚ್ಚುವವರೇ, ಪಾದದ ರೀಡಿಂಗ್ ಕೇಳಿದ್ರಾ?

ಮಡಿಕೇರಿಯಲ್ಲಿ ಇವತ್ತೊಂದು ತೊಟ್ಟಿಲು ಶಾಸ್ತ್ರ. ಡಿಸ್ಚಾರ್ಜ್ ಚೀಟಿಯಲ್ಲಿ 'ಮರ್ಮರ್' ಅಂತ ಬರೆದಿದೆಯಂತೆ. ಅಷ್ಟು ಸಾಕಾಯ್ತು! ಮಗುವಿನ ಹಾರ್ಟಲ್ಲಿ ತೂತು, ಬಾಣಂತಿ ಗ್ರಹಣದ ದಿನ ಹೊರಗೆ ಬಂದಿದ್ದಳು, ಬಸುರಿಯಲ್ಲೂ ತೋಟ ಸುತ್ತಿದಳು... ಆ ಹುಡುಗಿ ಮುಖ ನೋಡೋಕಾಗ್ಲಿಲ್ಲ. ಆಕ್ಸಿಜನ್ ರೀಡಿಂಗ್ ಎಷ್ಟು ಬಂತು ಅಂತ ಮಾತ್ರ ಒಬ್ಬರೂ ಕೇಳಲಿಲ್ಲ.

ಮರ್ಮರ್ ಅಂದರೆ ಸದ್ದು ಮಾರಾಯ್ರೇ, ಕಾಯಿಲೆಯ ಹೆಸರಲ್ಲ. ಗರ್ಭದಲ್ಲಿ ಶ್ವಾಸಕೋಶಕ್ಕೆ ಕೆಲಸವಿಲ್ಲದ್ದರಿಂದ ರಕ್ತ ಒಂದು ಅಡ್ಡನಾಳದಲ್ಲಿ ಹರಿಯುತ್ತೆ. ಹುಟ್ಟಿದ ಎರಡು ಮೂರು ದಿನದಲ್ಲಿ ಸಾಮಾನ್ಯವಾಗಿ ಅದು ಮುಚ್ಚುತ್ತೆ, ಮುಚ್ಚುವಾಗ ಸದ್ದು ಮಾಡಬಹುದು. ಹೃದಯದ ಕೆಳಕೋಣೆಗಳ ನಡುವೆ ಸಣ್ಣ ತೂತಿದ್ದರೆ ಮೊದಲ ದಿನ ಏನೂ ಕೇಳದೇ ಇರಬಹುದು. ಶ್ವಾಸಕೋಶದ ಒತ್ತಡ ಇಳಿದಂತೆ ಸದ್ದು ಏಳುತ್ತೆ. ತೂತು ಸಣ್ಣದಾದರೂ ಸದ್ದು ಜೋರೇ. ಕಾಫಿಗೆ ಸ್ಪ್ರಿಂಕ್ಲರ್ ಹಾಕೋ ಜನಕ್ಕೆ ಜೆಟ್ಟಿನ ಲೆಕ್ಕ ನಾನು ಹೇಳಬೇಕಾ? ಇಂಥ ಸಣ್ಣ ತೂತುಗಳಲ್ಲಿ ಬಹಳಷ್ಟು ಮೊದಲ ಕೆಲವು ವರ್ಷದಲ್ಲಿ ತಾವಾಗೇ ಮುಚ್ಚಿಹೋಗುತ್ತವೆ.

ಹೆದರಬೇಕಾದ ದೋಷಗಳು ಬೇರೆ. ಹೃದಯದಿಂದ ಹೊರಡುವ ಎರಡು ದೊಡ್ಡ ರಕ್ತನಾಳ ಅದಲುಬದಲಾಗಿದ್ದರೆ ಎಷ್ಟೋ ಸಲ ಸದ್ದೇ ಇರೋದಿಲ್ಲ, ರಕ್ತದಲ್ಲಿ ಆಕ್ಸಿಜನ್ ಮಾತ್ರ ಕಡಿಮೆ ಇರುತ್ತೆ. ಅದಕ್ಕೇ ನಾನು ರೀಡಿಂಗ್ ರೀಡಿಂಗ್ ಅಂತ ಬಡಿದುಕೊಳ್ಳೋದು. ಹುಟ್ಟಿ 24 ಗಂಟೆ ಕಳೆದ ಮೇಲೆ ಬಲಗೈಗೊಂದು, ಒಂದು ಪಾದಕ್ಕೊಂದು. ಬಲಗೈಗೆ ಹೋಗೋದು ಅಡ್ಡನಾಳ ಸೇರುವ ಮೊದಲಿನ ರಕ್ತ, ಪಾದಕ್ಕೆ ನಂತರದ್ದು. ಎರಡೂ ಕಡೆ 95 ಅಥವಾ ಹೆಚ್ಚು, ವ್ಯತ್ಯಾಸ 3ರೊಳಗೆ ಇದ್ದರೆ ಸರಿ. ಯಾವುದಾದರೂ 90ಕ್ಕಿಂತ ಕಡಿಮೆ ಬಂದರೆ ಮಕ್ಕಳ ಡಾಕ್ಟರು ಆಗಲೇ ನೋಡಬೇಕು. ನಡುವೆ ಬಂದರೆ ಒಂದು ಗಂಟೆ ಬಿಟ್ಟು ಮತ್ತೆ. ಕೊರೊನಾ ಕಾಲದ ಬೆರಳಿನ ಕ್ಲಿಪ್ ತಂದು ಕೂಸಿಗೆ ಸಿಕ್ಕಿಸಬೇಡಿ, ಪಟ್ಟಿಯಂತೆ ಸುತ್ತುವ ಪ್ರೋಬೇ ಬೇಕು. ಕಕ್ಕಡ ತಿಂಗಳ ಮಳೆಚಳಿಗೆ ಪಾದ ತಣ್ಣಗಿದ್ದರೆ, ಮಗು ಒದೆಯುತ್ತಿದ್ದರೆ ಅಂಕಿ ಸುಳ್ಳಾಗುತ್ತೆ. ಪಾದ ಬೆಚ್ಚಗಾಗಿ, ಮೆಷಿನ್ನಿನ ಅಲೆ ಒಂದೇ ಸಮನಾದ ಮೇಲೆ ಓದಬೇಕು.

"ಎಲ್ಲಾ ಮಕ್ಕಳಿಗೂ ಎಕೋ ಮಾಡಿಸಿಬಿಟ್ರೆ ಮುಗೀತಲ್ಲ?" ಅಂದರು ಒಬ್ಬ ಮಾವ. ಎಕೋ ಅಂದರೆ ಹೃದಯದ ಸ್ಕ್ಯಾನ್. ಮೊದಲ ದಿನ ಎಕೋ ಮಾಡಿದರೆ ಬಹುತೇಕ ಮಕ್ಕಳಲ್ಲಿ ಆ ಅಡ್ಡನಾಳ ತೆರೆದೇ ಕಾಣುತ್ತೆ, ಮನೆಮನೆಗೂ ಒಂದೊಂದು 'ತೂತು' ಹಂಚಿದ ಹಾಗೆ! ಸದ್ದು ಉಳಿದುಕೊಂಡರೆ, ರೀಡಿಂಗ್ ತಪ್ಪಿದರೆ ಎಕೋ ಬೇಕೇ ಬೇಕು. ಮಹಾಧಮನಿ ಕಿರಿದಾಗಿದ್ದರೆ ರೀಡಿಂಗಿಗೂ ಸಿಗದೇ ಹೋಗಬಹುದು, ಅದಕ್ಕೆ ತೊಡೆಸಂದಿನ ನಾಡಿ ಮುಟ್ಟಿ ನೋಡಬೇಕು. ಇಷ್ಟು ಹೇಳಿದ್ದಕ್ಕೆ ಮಾವನಿಗೆ ಮುನಿಸು. ಇರಲಿ, ನನ್ನ ಬಾಯಿಯೂ ಸ್ವಲ್ಪ ಜೋರಾಯ್ತು.

ಮನೆಗೆ ಬಂದ ಮೇಲೂ ಸದ್ದಿನ ಚಿಂತೆ ಬಿಟ್ಟು ಮಗುವನ್ನು ನೋಡಿ. ಚಳಿಗೆ ಕೈಕಾಲು ನೀಲಿಯಾಗೋದು ಮಾಮೂಲು, ನಾಲಿಗೆ ನೀಲಿಯಾದರೆ ಆಗಲೇ ಹೊರಡಿ. ಮಲಗಿದ್ದಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. 60 ಮತ್ತು ಮೇಲಿದ್ದರೆ ಇನ್ನೊಮ್ಮೆ ಎಣಿಸಿ, ಆಗಲೂ ಹಾಗೇ ಇದ್ದರೆ ತೋರಿಸಿ. ಆಶಾ ಅಕ್ಕ 3, 7, 14, 21, 28, 42ನೇ ದಿನ ಬರ್ತಾರೆ. ಹಾಲು ಕುಡಿಯುವಾಗ ಮಗು ಸುಸ್ತಾಗಿ ಬಿಟ್ಟುಬಿಡುತ್ತಾ, ಹಣೆ ಬೆವರುತ್ತಾ ಅಂತ ಅವರು ಕೇಳಿದರೆ "ಸೆಖೆಗೆ ಬೆವರುತ್ತೆ" ಅನ್ನಬೇಡಿ. ಈ ಮಳೆಯಲ್ಲಿ, ಮಡಿಕೇರಿಯಲ್ಲಿ, ಎಲ್ಲಿಯ ಸೆಖೆ?