ಅಮೆರಿಕದ ಡೈವೋರ್ಸ್ ಇಲ್ಲಿ ತಾನಾಗಿಯೇ ಸಿಂಧುವಲ್ಲ: ಒಂದು ಸ್ಪಷ್ಟನೆ

"ಗಂಡ ಅಥವಾ ಹೆಂಡತಿ ಅಮೆರಿಕದಲ್ಲಿ ವಿಚ್ಛೇದನ ಪಡೆದರೆ ಸಾಕು, ಭಾರತದಲ್ಲೂ ಮದುವೆ ಮುಗಿದಂತೆ" ಎಂಬ ವಾಟ್ಸಾಪ್ ಸಂದೇಶ ಓಡಾಡುತ್ತಿದೆ. ಇದು ತಪ್ಪು.

ಹಿಂದೂ ವಿವಾಹ ಕಾಯ್ದೆಯಡಿ ಇಲ್ಲಿ ಮದುವೆಯಾದವರ ವಿದೇಶಿ ಡಿಕ್ರಿಯನ್ನು (ಅಲ್ಲಿನ ಕೋರ್ಟಿನ ವಿಚ್ಛೇದನದ ಆದೇಶವನ್ನು) ಸಿವಿಲ್ ಪ್ರಕ್ರಿಯಾ ಸಂಹಿತೆಯ 13ನೇ ಕಲಮಿನ ಒರೆಗಲ್ಲಿಗೆ ಹಚ್ಚಲಾಗುತ್ತದೆ; ವಿದೇಶಿ ಕೋರ್ಟಿನ ತೀರ್ಪು ಇಲ್ಲಿ ಯಾವಾಗ ನಿಲ್ಲುವುದಿಲ್ಲ ಎಂದು ಹೇಳುವ ಕಲಮು ಇದು. ಇದರ ಅರ್ಥವನ್ನು ಸುಪ್ರೀಂ ಕೋರ್ಟ್ 1991ರಲ್ಲಿ ವೈ. ನರಸಿಂಹರಾವ್ ಪ್ರಕರಣದಲ್ಲಿ ಬಿಡಿಸಿ ಹೇಳಿದೆ. ತಿರುಪತಿಯಲ್ಲಿ ಮದುವೆಯಾದ ದಂಪತಿಗೆ ಅಮೆರಿಕದ ಮಿಸೌರಿ ರಾಜ್ಯದ ಕೋರ್ಟ್ ಕೊಟ್ಟ ವಿಚ್ಛೇದನವನ್ನು ಅದು ಮಾನ್ಯ ಮಾಡಲಿಲ್ಲ.

ಎದುರಿನವರು ಹಾಜರಾಗದೆ, "ಮದುವೆ ಸರಿಪಡಿಸಲಾಗದಷ್ಟು ಮುರಿದಿದೆ" ಎಂಬ ಕಾರಣಕ್ಕೆ ಸಿಕ್ಕ ಏಕಪಕ್ಷೀಯ ಡಿಕ್ರಿ ಇಲ್ಲಿ ನಿಲ್ಲುವುದು ಕಷ್ಟ. ಆ ಕಾರಣ ನಮ್ಮ ಕಾಯ್ದೆಯಲ್ಲಿಲ್ಲ. ನೋಟಿಸ್ ಮುಟ್ಟಿದ ಮಾತ್ರಕ್ಕೆ ಆ ಕೋರ್ಟಿನ ಅಧಿಕಾರ ಒಪ್ಪಿದಂತೆಯೂ ಅಲ್ಲ. ಎದುರಿನವರು ಸ್ವಇಚ್ಛೆಯಿಂದ ಹಾಜರಾಗಿ, ನಮ್ಮ ಕಾಯ್ದೆಯಲ್ಲಿರುವ ಕಾರಣದ ಮೇಲೆಯೇ ವಾದಿಸಿದ್ದರೆ, ಅಥವಾ ವಿಚ್ಛೇದನಕ್ಕೆ ಒಪ್ಪಿದ್ದರೆ ಮಾತು ಬೇರೆ.

ಇಬ್ಬರಿಗೂ ಒಪ್ಪಿಗೆಯಿದ್ದು ಒಂದು ವರ್ಷ ಬೇರೆಯಾಗಿದ್ದರೆ, ಇಲ್ಲಿನ ಕೌಟುಂಬಿಕ ನ್ಯಾಯಾಲಯದಲ್ಲಿ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಡಿ ಜಂಟಿ ಅರ್ಜಿ ಹಾಕುವುದೇ ಗಟ್ಟಿ ದಾರಿ. ಒಪ್ಪಿಗೆಯಿಲ್ಲದಿದ್ದರೆ, ಅದೇ ಕಾಯ್ದೆಯ 2003ರ ತಿದ್ದುಪಡಿಯಂತೆ ಹೆಂಡತಿ ತಾನು ವಾಸವಿರುವ ಊರಿನಲ್ಲೇ ಅರ್ಜಿ ಹಾಕಬಹುದು.

ಈ ಸಂದೇಶ ನಂಬಿ ಮರುಮದುವೆಯಾದವರ ಮೇಲೆ ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಮಿನಡಿ ದ್ವಿಪತ್ನಿತ್ವದ (ಮೊದಲ ಮದುವೆ ಇರುವಾಗಲೇ ಇನ್ನೊಂದು ಮದುವೆಯಾದ) ಕೇಸು ಬೀಳಬಹುದು. ಶಿಕ್ಷೆ 7 ವರ್ಷದವರೆಗೆ. ಹೆಂಗಸರಿಗೂ ಇದು ಅನ್ವಯ. ಡಿಕ್ರಿ ಕೈಯಲ್ಲಿದ್ದರೆ ಮೊದಲು ಅದರಲ್ಲಿ ಬರೆದ ಕಾರಣವನ್ನೂ ಎದುರಿನವರ ಹಾಜರಿಯನ್ನೂ ವಕೀಲರಿಗೆ ತೋರಿಸಿ. ಸಂದೇಶವನ್ನು ದಯವಿಟ್ಟು ಮುಂದೆ ಕಳಿಸಬೇಡಿ, ಕಳಿಸಿದ್ದರೆ ಅದೇ ಗುಂಪಿನಲ್ಲಿ ಇದನ್ನೂ ಹಾಕಿ.